ನಡುಮೈದಾನದಲ್ಲಿ ನಿಲ್ಲುವ ಗಾಡಿ

ಡೊಂಬಿವಲಿ
24 ಜೂನ್ 1996

ಕುಶಲಾ,

ನಿನ್ನ ಗಾಡಿ ಬಂತು, ಓಡಿತು, ನಿಂತಿತು. ಮೂರೂ ಒಂದೇ ದಿನ.

ಬೇಸಗೆಯಿಡೀ ಬಂದರಿನ ಗೋದಾಮಿನಲ್ಲಿ ಬೆಂದ ಮರದ ಪೆಟ್ಟಿಗೆ ಮೊನ್ನೆ ಟೆಂಪೋದಲ್ಲಿ ಶಾಲೆಯ ಗೇಟಿಗೆ ಬಂದಿಳಿಯಿತು. ಕೆಂಪು ಮೈ, ಕಪ್ಪು ಸೀಟು, ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು. ಟ್ರ್ಯಾಕ್ಟರ್ ಮರಿ ಹಾಕಿದೆ ಎಂದು ಮಕ್ಕಳು ಕುಣಿದರು. ಮಸ್ಕತ್ತಿನಲ್ಲಿ ನೀನು ಕೆಲಸ ಮಾಡುವ ಕ್ಲಬ್ಬಿನವರು ಹಳೆಯದೆಂದು ಮಾರಿದ್ದನ್ನು ನೀನು ಕೊಂಡು, ನೀನು ಓದಿದ ಶಾಲೆಯ ಮೈದಾನಕ್ಕೆ ಕಳಿಸಿದ್ದೀ ಎಂದು ಪ್ರಾರ್ಥನೆಯ ಹೊತ್ತಿಗೆ ನಾನೇ ಹೇಳಿದೆ. ಶಾಲೆ ನಡೆಸುವ ಕನ್ನಡ ಸಂಘದ ಕಾರ್ಯದರ್ಶಿ ಎಂದ ಮೇಲೆ ಸ್ವಂತ ತಮ್ಮನನ್ನು ಹೊಗಳುವ ಕೆಲಸವೂ ನನ್ನದೇ. ಚಪ್ಪಾಳೆ ಬಿತ್ತು.

ಅಧ್ಯಕ್ಷ ವಸಂತಣ್ಣ ಭಟ್ಟರನ್ನು ಕರೆಸಿ ಪೂಜೆ ಮಾಡಿಸಿದರು. ಅವರ ಹೋಟೆಲಿನಲ್ಲಿ ಗ್ರೈಂಡರಿಗೂ ಗಂಧ ಹಚ್ಚದೆ ಹಿಟ್ಟು ಅರೆಯುವುದಿಲ್ಲವೆಂದು ನಿನಗೆ ಗೊತ್ತು. ಈ ಗಾಡಿಗೆ ಹಣೆ ಯಾವುದು ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಕೊನೆಗೆ ಸೀಟಿನ ಹಿಂದೆ ದುಂಡಗಿರುವ ಕಪ್ಪು ಮುಚ್ಚಳವೇ ಲಕ್ಷಣವಾಗಿದೆ ಎಂದು ಅದಕ್ಕೆ ಗಂಧ ಬಳಿದು, ನಡುವೆ ಕುಂಕುಮವಿಟ್ಟರು. ಚಕ್ರದ ಕೆಳಗೆ ಲಿಂಬೆಹಣ್ಣು. ನಮ್ಮ ಮೈದಾನದ ಆಳು ಚಂದ್ರಾಮ ಸೀಟೇರಿ ಚಾವಿ ತಿರುಗಿಸಿದ. ಗಾಡಿ ನಡುಮೈದಾನದವರೆಗೆ ಹೋಗಿ ಸುಮ್ಮನಾಯಿತು.

ಕಲ್ಯಾಣದಿಂದ ಸ್ಕೂಟರ್ ರಿಪೇರಿಯ ಅಂಬಾದಾಸನನ್ನು ಕರೆಸಿದೆ. ಪೆಟ್ರೋಲನ್ನು ಇಂಜಿನ್ನಿಗೆ ಎತ್ತಿಕೊಡುವ ಅಂಗೈಯಗಲದ ಪಂಪನ್ನು ಬಿಚ್ಚಿ ತೋರಿಸಿದ. ಒಳಗಿನ ರಬ್ಬರಿನ ಪೊರೆ ಹಪ್ಪಳದಂತೆ ಸೆಟೆದುಕೊಂಡಿತ್ತು. "ಪಂಪ್ ಗಯಾ, ಮೇಡಮ್" ಎಂದ. ಪಂಪು ಹೋಯಿತಂತೆ.

ಕಳಿಸುವ ಮೊದಲು ನೋಡಲಿಕ್ಕೆ ಆಗುತ್ತಿರಲಿಲ್ಲವೇ? ಪ್ರತಿ ಸಲ ನೀನು ಬರುತ್ತೇನೆಂದು ಬರೆಯುತ್ತೀ, ವಸ್ತು ಬರುತ್ತದೆ. ಮಿಕ್ಸರ್ ಬಂತು, ಗೋಡೆ ಗಡಿಯಾರ ಬಂತು, ಈಗ ಇದು. ಹೊಸ ಪಂಪಿಗೆ ಏನು ಮಾಡಬೇಕು, ಬರೆ. ನನ್ನ ಮನೆಯ ಫೋನು ಮೊದಲ ಮಳೆಗೇ ಸತ್ತಿದೆ.

ನಿನ್ನ ಅಕ್ಕ,
ಪುಷ್ಪಾವತಿ


ಮಸ್ಕತ್
6 ಜುಲೈ 1996

ಪ್ರೀತಿಯ ಅಕ್ಕ,

ನಮಸ್ಕಾರ. ಬೈಗುಳ ಮುಟ್ಟಿತು.

ಇಲ್ಲಿಂದ ಹೊರಟ ದಿನ ಗಾಡಿ ಚೆನ್ನಾಗಿಯೇ ಇತ್ತು. ನಾನೇ ಓಡಿಸಿ ಪೆಟ್ಟಿಗೆಗೆ ಹಾಕಿಸಿದ್ದೆ. ಆಮೇಲೆ ತಗಡಿನ ಗೋದಾಮಿನ ಸೆಕೆಗೆ ರಬ್ಬರ್ ಒಣಗಿರಬೇಕು. ಟಾಂಕಿ ಕೆಳಗಿದೆ, ಇಂಜಿನ್ ಮೇಲಿದೆ. ಇಂಜಿನ್ನಿನ ಉಸಿರಾಟಕ್ಕೇ ಆ ಪೊರೆ ಹಿಂದೆ ಮುಂದೆ ಬಡಿದುಕೊಂಡು ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ. ಪೊರೆ ಗಟ್ಟಿಯಾದರೆ ಬಡಿತ ನಿಲ್ಲುತ್ತದೆ, ಅಷ್ಟೇ. ದೊಡ್ಡ ರೋಗವಲ್ಲ.

ಕಂಪನಿಯ ಪಂಪು ಇಲ್ಲಿಗೆ ಬರಲಿಕ್ಕೆ ತಿಂಗಳು ಹಿಡಿಯುತ್ತದೆ, ಹೇಳಿಟ್ಟಿದ್ದೇನೆ. ಅಷ್ಟರೊಳಗೆ ಉಲ್ಹಾಸನಗರದಲ್ಲಿ ಕೇಳು. ಅಲ್ಲಿ ಸಿಗದ್ದು ಯಾವುದುಂಟು?

ಒಂದು ಮಾತು. ಇನ್ನೊಮ್ಮೆ ನಿಂತರೆ ಹೇಗೆ ನಿಂತಿತು ಎಂದು ಬರೆ. ಒಮ್ಮೆಲೇ ನಿಂತಿತೋ, ಏದುಸಿರು ಬಿಟ್ಟು ನಿಂತಿತೋ?

ದೀಪಾವಳಿಗೆ ರಜೆ ಕೇಳಿದ್ದೇನೆ. ನಗಬೇಡ.

ನಿನ್ನ ತಮ್ಮ,
ಕುಶಲ


ಡೊಂಬಿವಲಿ
29 ಜುಲೈ 1996

ಕುಶಲಾ,

ಉಲ್ಹಾಸನಗರಕ್ಕೆ ಹೋದೆ. ಮಳೆ, ಕೆಸರು, ಹೆಗಲಿಗೆ ಹೆಗಲು ತಾಗುವ ಅಂಗಡಿಗಳು. ಒಬ್ಬ ಹಳೆಯ ಪಂಪನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ "ಕಲ್ ಆನಾ, ಬೆಹೆನ್‌ಜಿ" ಎಂದ. ಮರುದಿನ ಅದೇ ಗಾತ್ರ, ಅದೇ ಬಣ್ಣ, ಅದೇ ಅಕ್ಷರಗಳಿದ್ದ ಹೊಸ ಪಂಪು ಕೊಟ್ಟ. ಎಲ್ಲಿಂದ ತಂದೆ ಎಂದು ನಾನು ಕೇಳಲಿಲ್ಲ.

ಅಂಬಾದಾಸ ಅದನ್ನು ಕೂರಿಸಿ, ಟಾಂಕಿಯ ಮುಚ್ಚಳ ತೆಗೆದು ಪೆಟ್ರೋಲ್ ಇಳಿಯುವುದನ್ನು ನೋಡುತ್ತ ಕಾಲು ಗಂಟೆ ಇಂಜಿನ್ ಓಡಿಸಿದ. ಗಡಿಯಾರದಂತೆ ಓಡಿತು. ಅವನು ಹೋದ. ಶುಕ್ರವಾರ ವಸಂತಣ್ಣ ಬಂದು ಹೊಸ ಪಂಪಿನ ಲೆಕ್ಕದಲ್ಲಿ ಮತ್ತೆ ಪೂಜೆ ಮಾಡಿದರು. ಚಂದ್ರಾಮ ಮೈದಾನಕ್ಕಿಳಿಸಿದ. ಎರಡು ಸುತ್ತು ಸರಿ, ಮೂರನೆಯದರಲ್ಲಿ ನಿಂತಿತು. ಇನ್ನೊಂದು ಪಂಪು ತಂದೆವು. ಅದೂ ಹಾಗೆಯೇ. ಈಗ ಅಂಬಾದಾಸ ದೂರದಿಂದ ನನ್ನನ್ನು ಕಂಡರೇ "ಪಂಪ್ ಗಯಾ?" ಎಂದು ತಾನೇ ಕೇಳುತ್ತಾನೆ.

ವಸಂತಣ್ಣನಿಗೆ ಕಾರಣ ಆಗಲೇ ಸಿಕ್ಕಿದೆ. "ಇದು ದೃಷ್ಟಿ ಮಾರಾಯ್ರೆ. ಎದುರಿನ ಬಿಲ್ಡಿಂಗಿನವರು ಗ್ಯಾಲರಿಯಲ್ಲಿ ಚಾ ಕುಡಿತಾ ಇದನ್ನೇ ನೋಡುದು. ಇಂಥ ಗಾಡಿ ಇಡೀ ಠಾಣೆ ಜಿಲ್ಲೆಯಲ್ಲಿ ಯಾರತ್ರ ಉಂಟು ಹೇಳಿ?" ಹೀಗಾಗಿ ಪ್ರತಿ ಶುಕ್ರವಾರ ಪೂಜೆ. ಗಾಡಿ ನಿಂತಷ್ಟೂ ಗಂಧ ದಪ್ಪವಾಗುತ್ತಿದೆ. ಒರೆಸಿದರೆ ದೋಷವಂತೆ, ಅದರ ಮೇಲೆಯೇ ಇನ್ನೊಂದು ಪದರ.

ಚಂದ್ರಾಮನ ಬಗ್ಗೆ ನಿನಗೆ ಬರೆದಿಲ್ಲ. ಕಲಬುರಗಿ ಕಡೆಯವನು, ಮೈದಾನದ ಮೂಲೆಯ ತಗಡಿನ ಕೋಣೆಯಲ್ಲಿ ಹೆಂಡತಿ ಗುರಮ್ಮ ಮತ್ತು ಮಗಳೊಂದಿಗೆ ಇದ್ದಾನೆ. ಮಗಳು ನಮ್ಮಲ್ಲೇ ಮೂರನೆಯ ತರಗತಿ, ಫೀಸಿಲ್ಲ. ಪ್ರತಿ ಸಲ ಗಾಡಿಯನ್ನು ಕೆಸರಿನಲ್ಲಿ ತಳ್ಳಿಕೊಂಡು ಬರುವವನು ಅವನೇ. ನಿನ್ನೆ ಬೆವರು ಒರೆಸಿಕೊಳ್ಳುತ್ತ ಹೇಳಿದ: "ಎತ್ತ ಇದ್ದಿದ್ರ ಬಾಲ ತಿರುವಿ ಎಬ್ಬಸ್ತಿದ್ದೆ ಅಕ್ಕೋರೆ. ಇದಕ್ಕ ಬಾಲ ಎಲ್ಲದರಿ?"

ನಗು ಬಂತು. ಆದರೆ ಸಂಜೆಯ ಮೀಟಿಂಗಿನಲ್ಲಿ ಯಾರೋ ಮೆಲ್ಲಗೆ ಅಂದರು, ಪೆಟ್ರೋಲ್ ಖರ್ಚಾಗುತ್ತಿದೆ, ಹುಲ್ಲು ಮಾತ್ರ ಹಾಗೆಯೇ ಇದೆ ಎಂದು. ಆ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ.

ಕಂಪನಿಯ ಪಂಪನ್ನು ಬೇಗ ಕಳಿಸು.

ಪುಷ್ಪಾವತಿ


ಮಸ್ಕತ್
7 ಆಗಸ್ಟ್ 1996

ಅಕ್ಕ,

ಪಂಪು ಬಂತು. ಕಲ್ಯಾಣದ ಜಯಶೀಲ ರಜೆಯಲ್ಲಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರವನ್ನೂ ಪಂಪನ್ನೂ ಕೊಟ್ಟಿದ್ದೇನೆ. ಇದು ಅಸಲಿ. ಇದು ಕೆಟ್ಟರೆ ಪಂಪಿನ ತಪ್ಪಲ್ಲ.

ನಿನಗೆ ಸಿಟ್ಟು ಬಂದರೂ ಹೇಳುತ್ತೇನೆ. ನಿನ್ನ ಪತ್ರದಲ್ಲಿ ಉಲ್ಹಾಸನಗರದ ಕೆಸರುಂಟು, ವಸಂತಣ್ಣ ಉಂಟು, ಎದುರಿನ ಗ್ಯಾಲರಿಯ ಚಾ ಕೂಡ ಉಂಟು. ಗಾಡಿ ನಿಲ್ಲುವಾಗ ಏನಾಗುತ್ತದೆ ಎಂಬುದು ಮಾತ್ರ ಇಲ್ಲ. "ನಿಂತಿತು" ಅಂತೆ. ಕವಿತೆಯ ಒಂದು ಸಾಲಿನ ಮೇಲೆ ಇಡೀ ಸಂಜೆ ಕೂರುವವಳು ನೀನು, ಕನ್ನಡದಲ್ಲಿ ಎಂ.ಎ. ಮಾಡಿದವಳು, ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ಯಂತ್ರ ಕಣ್ಣೆದುರು ಉಸಿರು ಬಿಡುವಾಗ ಒಂದೇ ಕ್ರಿಯಾಪದವಾ ನಿನಗೆ ಸಿಕ್ಕಿದ್ದು?

ಇಷ್ಟು ದೂರದಿಂದ ನನಗೆ ಕೈಯಿಲ್ಲ, ಕಿವಿಯಿಲ್ಲ. ನೀನೇ ನೋಡಿ ಹೇಳಬೇಕು.

ಕುಶಲ


ಡೊಂಬಿವಲಿ
17 ಆಗಸ್ಟ್ 1996

ಕುಶಲಾ,

ನಿನಗೆ ಕ್ರಿಯಾಪದ ಬೇಕಂತೆ. ತಗೋ.

ಹದಿಮೂರಕ್ಕೆ ನಿನ್ನ ಅಸಲಿ ಪಂಪು ಕೂರಿಸಿದೆವು. ಹದಿನಾಲ್ಕಕ್ಕೆ ಗಾಡಿ ಕೈಕೊಟ್ಟಿತು. ಹದಿನೈದರ ಬೆಳಿಗ್ಗೆ ಮಕ್ಕಳು ಮೊಣಕಾಲೆತ್ತರದ ಹುಲ್ಲಿನಲ್ಲಿ ಕವಾಯತು ನಡೆಸಿದರು. ಬಿಳಿ ಸಾಕ್ಸುಗಳೆಲ್ಲ ಹಸಿರು. ಒಂದನೆಯ ತರಗತಿಯವರು ತಿರುಗಿದಾಗ ಸೊಂಟದ ಮೇಲಿನ ಭಾಗವಷ್ಟೇ ಕಾಣುತ್ತಿತ್ತು. ಮುಖ್ಯ ಅತಿಥಿಗಳು ಧ್ವಜಕ್ಕೆ ವಂದಿಸಿ, ಕೆಳಗೆ ಹಾವಿದೆಯೇ ಎಂದು ನೋಡಿಕೊಂಡೇ ನಡೆದರು.

ಸಂಜೆ ಕಮಿಟಿಯವರು ಲೆಕ್ಕ ಹಾಕಿದರು. ಪಂಪು ಅಸಲಿ, ಮೆಕ್ಯಾನಿಕ್ ಹಳಬ. ಹಾಗಾದರೆ ಕೆಟ್ಟದ್ದು ಪೆಟ್ರೋಲ್. ಪೆಟ್ರೋಲಿನ ಕೋಣೆಯ ಚಾವಿ ಯಾರ ಬಳಿ? ಚಂದ್ರಾಮನ ಬಳಿ. ಹೋಗಿ ಅವನ ಕೋಣೆ ನೋಡಿದರು. ಸೀಮೆಎಣ್ಣೆಯ ಡಬ್ಬಿ ಸಿಕ್ಕಿತು. ಪೆಟ್ರೋಲ್ ಕದ್ದು ಮಾರಿ, ಅದರ ಜಾಗಕ್ಕೆ ಸೀಮೆಎಣ್ಣೆ ಸುರಿಯುತ್ತಾನೆ ಎಂದರು. ಸ್ಟೌ ಇರುವ ಯಾರ ಮನೆಯಲ್ಲಿ ಸೀಮೆಎಣ್ಣೆ ಇಲ್ಲ ಎಂದು ಕೇಳಿದೆ.

ಗುರಮ್ಮ ಆ ಡಬ್ಬಿಯನ್ನು ಎತ್ತಿ ತಂದು ನಮ್ಮೆಲ್ಲರ ನಡುವೆ ಇಟ್ಟಳು. "ಮೂಸಿ ನೋಡ್ರಿ, ನಮ್ಮ ರೊಟ್ಟಿ ವಾಸನಿ ಬರ್ತದ" ಎಂದಳು. ಯಾರೂ ಬಗ್ಗಲಿಲ್ಲ.

ತೀರ್ಮಾನ ಇನ್ನೂ ಆಗಿಲ್ಲ. ಚಂದ್ರಾಮನ ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಮಗಳ ಶಾಲೆಯೂ ಹೋದಂತೆ. ಇದೆಲ್ಲ ನಿನ್ನ ಕೆಂಪು ಗಾಡಿಯಿಂದ. ಮೊದಲು ಕುಡುಗೋಲಿನ ಹೆಂಗಸರು ಬಂದು ಕೊಯ್ದು ಹೋಗುತ್ತಿದ್ದರು, ಯಾರೂ ಕಳ್ಳರಿರಲಿಲ್ಲ.

ಪುಷ್ಪಾವತಿ


ಡೊಂಬಿವಲಿ
8 ಸೆಪ್ಟೆಂಬರ್ 1996

ಕುಶಲಾ,

ಸಿಟ್ಟು ಇಳಿದಿಲ್ಲ, ಆದರೂ ನಿನ್ನ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಇಂದು ಭಾನುವಾರ, ಶಾಲೆಯಲ್ಲಿ ಯಾರೂ ಇಲ್ಲ. ಚಂದ್ರಾಮನಿಂದ ಕಲಿತು ನಾನೇ ಸೀಟೇರಿದೆ. ಸೀರೆಯ ನೆರಿಗೆಯನ್ನು ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡು ಕೂತ ನನ್ನನ್ನು ನೋಡಿ ಗುರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚಂದ್ರಾಮ ಪಕ್ಕದಲ್ಲೇ ನಡೆದು ಬಂದ.

ನೀನು ಕೇಳಿದ್ದು ಇಲ್ಲಿದೆ.

ಮೊದಲ ಸುತ್ತಿನಲ್ಲಿ ಸದ್ದು ಒಂದೇ ಸಮ. ಹೊಟ್ಟೆ ತುಂಬಿದವರ ಮಾತಿನ ಹಾಗೆ, ಅವಸರವಿಲ್ಲ. ಎರಡನೆಯದರ ಕೊನೆಗೆ ಅದರಲ್ಲಿ ಸಣ್ಣ ಸಣ್ಣ ಬಿರುಕು ಬಂತು, ಹೇಳುತ್ತ ಹೇಳುತ್ತ ಪದ ಮರೆತವರಂತೆ. ಆಮೇಲೆ ಮಕ್ಕಳು ಸೀಯಾಳದ ತಳದ ನೀರನ್ನು ನಳಿಗೆಯಲ್ಲಿ ಹೀರುವಾಗ ಬರುತ್ತದಲ್ಲ, ಆ ಸದ್ದು. ಇಂಜಿನ್ ಬಾಯಾರಿ ಹೀರುತ್ತದೆ, ಸಿಗುವುದಿಲ್ಲ. ಕೊನೆಗೆ ಎರಡು ಬಿಕ್ಕಳಿಕೆ, ಮೌನ.

ಇಳಿದು ಹಿಂದೆ ನೋಡಿದೆ. ಟಾಂಕಿಯಲ್ಲಿ ಪೆಟ್ರೋಲ್ ಇದೆ, ಪ್ಲಾಸ್ಟಿಕ್ಕಿನ ಮೂಲಕ ಮಟ್ಟ ಕಾಣುತ್ತದೆ. ಆದರೆ ಟಾಂಕಿಯ ಎರಡೂ ಬದಿ ಒಳಕ್ಕೆ ಹೋಗಿದ್ದವು, ಹಲ್ಲಿಲ್ಲದ ಮುದುಕಿ ಕೆನ್ನೆ ಒಳಗೆಳೆದುಕೊಂಡಂತೆ. ಹೊರಡುವಾಗ ಹಾಗಿರಲಿಲ್ಲ. ಚಂದ್ರಾಮನನ್ನು ಕೇಳಿದೆ. "ಅದು ಹಂಗೇರಿ, ನಿಂತಾಗೆಲ್ಲ ಒಳಗ ಹೋಗ್ತದ. ಸೊಲ್ಪ ಹೊತ್ತು ಬಿಟ್ರ ಮತ್ತ ಉಬ್ಬತದ" ಎಂದ. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾದೆವು. ಕೆನ್ನೆ ಉಬ್ಬಿತು. ಚಾವಿ ತಿರುಗಿಸಿದರೆ ಗಾಡಿ ಓಡಿತು, ಮತ್ತೆ ಬಾಯಾರಿತು.

ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಇದು ನಿನಗೆ ಸಾಕೇ?

ಅಕ್ಕ


ಮಸ್ಕತ್
18 ಸೆಪ್ಟೆಂಬರ್ 1996

ಅಕ್ಕ,

ಸಾಕು! ಕೆನ್ನೆಯ ಒಂದು ಮಾತೇ ಸಾಕಿತ್ತು.

ಪಂಪು ಸರಿಯಿದೆ. ಬಹುಶಃ ಮೊದಲನೆಯದರ ಹೊರತು ಎಲ್ಲ ಪಂಪುಗಳೂ ಸರಿಯಿದ್ದವು. ಟಾಂಕಿಯಿಂದ ಪೆಟ್ರೋಲ್ ಹೊರಗೆ ಹೋದ ಹಾಗೆ ಆ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟಾಂಕಿ ಒಳಕ್ಕೆಳೆದುಕೊಳ್ಳುತ್ತದೆ, ಪಂಪು ಎಷ್ಟು ಹೀರಿದರೂ ಪೆಟ್ರೋಲ್ ಬರುವುದಿಲ್ಲ. ಗಾಳಿ ಬರಲಿಕ್ಕೆಂದೇ ಟಾಂಕಿಯ ಮುಚ್ಚಳದಲ್ಲಿ ಸೂಜಿಮೊನೆಯ ತೂತುಗಳಿವೆ. ಅಂಬಾದಾಸ ಮುಚ್ಚಳ ತೆಗೆದು ನೋಡಿದಾಗೆಲ್ಲ ಓಡಿತು, ನೆನಪುಂಟಾ?

ಟಾಂಕಿಯ ಮುಚ್ಚಳ ಯಾವುದು ಅಂದರೆ, ಸೀಟಿನ ಹಿಂದಿನದು. ದುಂಡಗೆ, ಕಪ್ಪಗೆ. ವಸಂತಣ್ಣನಿಗೆ ಹಣೆಯಂತೆ ಕಂಡದ್ದು.

ಗುಂಡುಸೂಜಿ ತಗೊಂಡು ಹೋಗು. ಚಂದ್ರಾಮನಿಗೆ ನನ್ನ ಲೆಕ್ಕದಲ್ಲಿ ಒಂದು ಚಾ ಕುಡಿಸು.

ಕುಶಲ


ಡೊಂಬಿವಲಿ
2 ಅಕ್ಟೋಬರ್ 1996

ಕುಶಲಾ,

ಚಾ ಕುಡಿಸಲಿಕ್ಕೆ ಚಂದ್ರಾಮ ಇಲ್ಲಿಲ್ಲ.

ಚೌತಿಯ ಹಿಂದಿನ ದಿನ ತುರ್ತು ಮೀಟಿಂಗ್ ಕರೆದರು. ಹಬ್ಬಕ್ಕೆ ಮುಂಚೆ ಮುಗಿಸಿಬಿಡುವ, ಮನಸ್ಸಿನಲ್ಲಿ ಕಿರಿಕಿರಿ ಬೇಡ ಎಂದರು. ಬೇರೆಯವರ ಕಿರಿಕಿರಿ ಯಾರಿಗೆ ಬೇಕು? ನಾನು ವಾದಿಸಿದೆ. ತಮ್ಮನಿಗೆ ಬರೆದಿದ್ದೇನೆ, ಉತ್ತರ ಬರಲಿ ಎಂದೆ. "ನಿಮ್ಮ ತಮ್ಮನೇ ಅಲ್ವಾ ಗುಜರಿ ಕಳಿಸಿದ್ದು" ಎಂದು ಒಬ್ಬರು ಅಂದರು. ನಿನ್ನ ಪರ ಮಾತಾಡುತ್ತಿದ್ದೇನೆ ಎಂದು ಅನಿಸಿಕೊಳ್ಳಬಾರದೆಂದು ಚಂದ್ರಾಮನ ಪರವೂ ಮಾತಾಡದೆ ಕೂತೆ. ಕೆಲಸದಿಂದ ತೆಗೆದ ಕಾಗದಕ್ಕೆ ಕಾರ್ಯದರ್ಶಿಯ ಸಹಿ ಬೇಕು. ಹಾಕಿದೆ. ಚೌತಿಯ ದಿನ ಎಲ್ಲರ ಮನೆಗೂ ಗಣಪತಿ ಬರುವಾಗ ಅವರು ಮೂಟೆ ಹೊತ್ತು ಸ್ಟೇಷನ್ನಿಗೆ ಹೋದರು.

ನಿನ್ನ ಪತ್ರ ಶನಿವಾರ ಬಂತು. ಶಾಲೆಗೆ ಓಡಿದೆ. ಮುಚ್ಚಳದ ಮೇಲೆ ಮಳೆಗಾಲದ ಅಷ್ಟೂ ಶುಕ್ರವಾರಗಳ ಗಂಧ, ಗಾರೆಯಂತೆ ಗಟ್ಟಿ. ಹಳೆಯ ಚಾಕುವಿನಿಂದ ಕೆರೆದು, ಸೂಜಿ ಚುಚ್ಚಿದೆ. ಮುಚ್ಚಳ ಬಿಗಿದು ಜವಾನನ ಕೈಯಲ್ಲಿ ಓಡಿಸಿದೆ. ಇಡೀ ಮೈದಾನ, ಗೋಲ್ ಕಂಬಗಳ ಸುತ್ತ, ಮತ್ತೆ ಇಡೀ ಮೈದಾನ. ನಿಲ್ಲು, ಒಮ್ಮೆಯಾದರೂ ನಿಲ್ಲು ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ನಿಂತಿದ್ದರೆ ಸಹಿಗೆ ಸಣ್ಣದೊಂದು ಸಮರ್ಥನೆಯಾದರೂ ಸಿಗುತ್ತಿತ್ತು. ಅದು ನಿಲ್ಲಲಿಲ್ಲ.

ಅಲ್ಲಿಂದ ವಸಂತಣ್ಣನ ಹೋಟೆಲಿಗೆ ಹೋದೆ. ಎಲ್ಲ ಹೇಳಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಕೇಳಿದರು.

"ಹಾಗಾದ್ರೆ ದೇವರ ಗಂಧದಿಂದ ಗಾಡಿ ಹಾಳಾಯ್ತು ಅಂತ ನಾನು ಮೈಕಲ್ಲಿ ಹೇಳುದಾ ಪುಷ್ಪಕ್ಕ?"

"ಚಂದ್ರಾಮ ಕದ್ದಿಲ್ಲ ಅಂತ ಹೇಳಿ ಸಾಕು."

"ಯಾಕೆ ಅಂತ ಕೇಳಿದ್ರೆ ಗಂಧದ ವಿಷಯ ಬರುದಿಲ್ವಾ? ಜನ ನಗುದಿಲ್ವಾ?"

"ನಗ್ತಾರೆ."

ಅವರು ಗಲ್ಲಾಪೆಟ್ಟಿಗೆಯ ಮೇಲಿನ ಸೋಂಪಿನ ಬಟ್ಟಲನ್ನು ಸರಿಮಾಡಿದರು. "ಪಾಪದವ. ಕರ್ಕೊಂಡು ಬನ್ನಿ, ಕೆಲಸ ಕೊಡುವ. ಮೈಕ್ ಎಲ್ಲ ಎಂತಕ್ಕೆ?" ಎಂದು ನನಗೆ ಕಾಫಿ ಹೇಳಿದರು. ಕುಡಿಯದೆ ಬಂದೆ.

ಚಂದ್ರಾಮ ಎಲ್ಲಿದ್ದಾನೆಂದು ಹುಡುಕುತ್ತಿದ್ದೇನೆ.

ಅಕ್ಕ


ಮಸ್ಕತ್
13 ಅಕ್ಟೋಬರ್ 1996

ಅಕ್ಕ,

ನನ್ನ ಹೆಸರು ನಡುವೆ ಬಂದು ಹೀಗಾಯಿತು ಎಂದು ಓದಿ ನಿದ್ದೆ ಬರಲಿಲ್ಲ. ಗುಜರಿ ಎಂದರೆ ಎನ್ನಲಿ ಬಿಡು. ಚಂದ್ರಾಮನನ್ನು ಹುಡುಕು.

ದೀಪಾವಳಿಯ ರಜೆ ಸಿಕ್ಕಿಲ್ಲ. ಈ ಸಲ ಏನೂ ಕಳಿಸುತ್ತಿಲ್ಲ.

ಕುಶಲ


ಡೊಂಬಿವಲಿ
26 ಅಕ್ಟೋಬರ್ 1996

ಕುಶಲಾ,

ಚಂದ್ರಾಮ ದಿವಾ ಸ್ಟೇಷನ್ನಿನ ಬಳಿ ಸಿಕ್ಕ. ಹುಲಗಪ್ಪ ಎಂಬ ನೆಂಟನ ಕೋಣೆ, ರೈಲು ಹೋದಾಗೆಲ್ಲ ಪಾತ್ರೆಗಳು ಅಲುಗುತ್ತವೆ. ಚಂದ್ರಾಮ ಈಗ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ. ಮಗಳು ಮನೆಯಲ್ಲೇ ಇದ್ದಳು. ಚೌತಿಯ ನಂತರ ಶಾಲೆ ಇಲ್ಲ.

ಎಲ್ಲ ಹೇಳಿದೆ. ತೂತು, ಗಾಳಿ, ಗಂಧ. ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗಂಧ ಹಚ್ಚಿದವ್ರು ದೊಡ್ಡ ಮಂದಿ, ಅದಕ್ಕ ತಪ್ಪಿಲ್ಲ. ನಾವು ಇಬತ್ತಿ ಹಚ್ಚಿದ್ರ ಜೈಲಿಗೇ ಹಾಕ್ತಿದ್ರೇನ್ರಿ ಅಕ್ಕೋರೆ?" ಎಂದಳು.

ವಾಪಸು ಬಾ ಎಂದು ಚಂದ್ರಾಮನನ್ನು ಕೇಳಿದೆ. "ಕಳ್ಳ ಅಂದಿದ್ದು ಹತ್ತ್ ಮಂದಿ ಮುಂದರಿ. ಅಲ್ಲ ಅನ್ನೂದು ಇಲ್ಲಿ ಒಲಿ ಮುಂದ ಅಂದ್ರ ಹ್ಯಾಂಗ್ರಿ?" ಅಷ್ಟೇ ಅಂದ.

ಆಯುಧಪೂಜೆಗೆ ಬಾ ಎಂದು ಹೇಳಿ ಬಂದೆ.

ಅಂದು ಭಾನುವಾರ, ಪಾಲಕರೆಲ್ಲ ಸೇರಿದ್ದರು. ಹಾರ ಹಾಕಿದ ಗಾಡಿಯ ಪಕ್ಕ ಮೈಕು ಹಿಡಿದು, ಸಂಘ ಚಂದ್ರಾಮನನ್ನು ಕಳ್ಳ ಎಂದಿತು, ಅವನು ಕದ್ದಿಲ್ಲ, ನಾವು ಬಳಿದ ಗಂಧ ಗಾಳಿಯ ದಾರಿ ಮುಚ್ಚಿತ್ತು, ಗೊತ್ತಿಲ್ಲದೆ ಸಹಿ ಹಾಕಿದವಳು ನಾನು ಎಂದು ಹೇಳಿದೆ. ಮೊದಲು ನಗು ಎದ್ದಿತು. ಆಮೇಲೆ ಗೇಟಿನ ಬಳಿ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ಚಂದ್ರಾಮನನ್ನು ಯಾರೋ ಕಂಡರು, ನಗು ಅಲ್ಲಿಗೇ ಮುಗಿಯಿತು. ವಸಂತಣ್ಣ ಹೂವಿನ ಬುಟ್ಟಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಸಂಜೆ ನಾನು ರಾಜೀನಾಮೆ ಕೊಡುತ್ತೇನೆಂದು ಎಲ್ಲರೂ ಕಾದಿರಬೇಕು. ಕೊಡಲಿಲ್ಲ. ಬಿಟ್ಟು ಹೋಗುವುದು ಬಹಳ ಸುಲಭ.

ಮುಗಿದ ಮೇಲೆ ಚಂದ್ರಾಮ ಬಂದು ಕೈ ಮುಗಿದ. ಯಾವಾಗ ಬರ್ತೀ ಎಂದು ಕೇಳಿದೆ.

"ಬರೂದಿಲ್ರಿ ಅಕ್ಕೋರೆ. ಸಿಟ್ಟಿಲ್ಲ. ಅಲ್ಲಿ ನಾವು ಐವತ್ ಮಂದಿ ಅದೀವಿ. ಏನರ ಕಳದ್ರ ಐವತ್ ಮಂದೀನ್ನ ನೋಡ್ತಾರ. ಇಲ್ಲಿ ಏನ್ ಕೆಟ್ರೂ ನೋಡಾಕ ನಾ ಒಬ್ಬನೇ."

ಡ್ಯೂಟಿಗೆ ತಡವಾಗುತ್ತದೆಂದು ಹೋದ. ಮಗಳನ್ನು ಮಾತ್ರ ಕಳಿಸಲು ಒಪ್ಪಿದ್ದಾನೆ. ಸೋಮವಾರದಿಂದ ಬರುತ್ತಾಳೆ, ದಿವಾದಿಂದ ಗುರಮ್ಮ ಲೋಕಲ್ಲಿನಲ್ಲಿ ಕರೆತರುತ್ತಾಳೆ.

ಅಕ್ಕ


ಡೊಂಬಿವಲಿ
24 ನವೆಂಬರ್ 1996

ಕುಶಲಾ,

ನೀನು ಏನೂ ಕಳಿಸದ ಮೊದಲ ದೀಪಾವಳಿ. ಹಣತೆ ಹಚ್ಚುವಾಗ ಒಮ್ಮೆ ಬಾಗಿಲ ಕಡೆ ನೋಡಿದೆ, ಅಷ್ಟೇ.

ಮೈದಾನಕ್ಕೆ ಹೊಸ ಆಳು ಬೇಕೆಂದು ಹೇಳಿಟ್ಟಿದ್ದೆವು. ಇಬ್ಬರು ಬಂದರು. ಇಬ್ಬರೂ ಕೇಳಿದ ಮೊದಲ ಪ್ರಶ್ನೆ, ಹಿಂದಿನವನು ಯಾಕೆ ಬಿಟ್ಟ ಎಂದು. ವಸಂತಣ್ಣ ನನ್ನ ಮುಖ ನೋಡಿದರು. ಊರಿಗೆ ಹೋದ ಎನ್ನಬಹುದಿತ್ತು. ಅವನನ್ನು ಕಳ್ಳನೆಂದು ತೆಗೆದೆವು, ಅವನು ಕಳ್ಳನಾಗಿರಲಿಲ್ಲ ಎಂದೆ. ಮೊದಲನೆಯವನು ಯೋಚಿಸಿ ಹೇಳುತ್ತೇನೆಂದು ಹೋದವನು ಬರಲೇ ಇಲ್ಲ. ಎರಡನೆಯವನು ಚನಿಯ, ನಮ್ಮ ಕಡೆಯವನೇ. ತಲೆ ಕೆರೆದುಕೊಂಡು ಹೇಳಿದ: "ಕೆಲಸ ಮಾಡ್ತೇನೆ ಅಕ್ಕ. ಆದ್ರೆ ಪೆಟ್ರೋಲಿನ ಕೋಣೆಯ ಚಾವಿ ನಂಗೆ ಬೇಡ. ಅದು ನಿಮ್ಮತ್ರವೇ ಇರ್ಲಿ. ನೀವೇ ಅಳ್ದು ಕೊಡಿ."

ಇದು ಎಲ್ಲಿಯಾದರೂ ಉಂಟಾ ಎಂದು ವಸಂತಣ್ಣ ಗೊಣಗಿದರು. ನಾನು ಆಗಲಿ ಎಂದೆ.

ಹಾಗಾಗಿ ಈಗ ಕಾಲೇಜಿಗೆ ಹೋಗುವ ಮುಂಚೆ ಶಾಲೆಗೆ ಹೋಗುತ್ತೇನೆ. ಬೀಗ ತೆಗೆದು, ಕ್ಯಾನು ಬಗ್ಗಿಸಿ, ಲೀಟರಿನ ಡಬ್ಬಿಯಲ್ಲಿ ಪೆಟ್ರೋಲ್ ಅಳೆದು ಚನಿಯನಿಗೆ ಕೊಡುತ್ತೇನೆ. ಅವನು ಅಳತೆಯನ್ನು ನನ್ನ ಭುಜದ ಮೇಲಿಂದ ನೋಡುತ್ತಾನೆ. ದಿನವಿಡೀ ಕೈ ಪೆಟ್ರೋಲ್ ನಾರುತ್ತದೆ. ಕ್ಲಾಸಿನಲ್ಲಿ ಪುಸ್ತಕ ಬಿಡಿಸಿದರೆ ಮುಂದಿನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ನಿನ್ನೆ ಡಬ್ಬಿಯ ಗೆರೆಗಿಂತ ಕೂದಲೆಳೆಯಷ್ಟು ಕಡಿಮೆ ಬಿತ್ತು.

"ಅಕ್ಕ, ಕಮ್ಮಿ ಉಂಟು" ಎಂದ ಚನಿಯ.

ಮೈಯೆಲ್ಲ ಉರಿಯಿತು. ಮತ್ತೆ ಕ್ಯಾನು ಬಗ್ಗಿಸಿದೆ.

ನಿನ್ನ,
ಪುಷ್ಪಕ್ಕ